ಕೂಲೆಂಟ್ ಬದಲಿಸಿದ ಮೇಲೆ ಹೀಟರ್ ತಣ್ಣಗೆ: ಗಾಳಿ ತೆಗೆದದ್ದು ಹೀಗೆ

ನನ್ನ ಹಳೆಯ ಆರು ಸಿಲಿಂಡರ್ ಸ್ಪೋರ್ಟ್ಸ್ ಸೆಡಾನ್‌ಗೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಬದಲಿಸಿದ ಮೇಲೆ ಹೀಟರ್ ತಣ್ಣನೆ ಗಾಳಿ ಬಿಡುತ್ತಿತ್ತು. ಏರಿನಲ್ಲಿ ಟೆಂಪರೇಚರ್ ಮುಳ್ಳು ನಡುಗೆರೆ ದಾಟುತ್ತಿತ್ತು. ಥರ್ಮೋಸ್ಟಾಟ್ (ಕೂಲೆಂಟ್ ಹರಿವು ನಿಯಂತ್ರಿಸುವ ಭಾಗ), ಕೂಲೆಂಟ್ ಟ್ಯಾಂಕಿನ ಮುಚ್ಚಳ ಎರಡನ್ನೂ ಸುಮ್ನೆ ಬದಲಿಸಿದೆ. ಒಳಗೆ ಗಾಳಿ ಸಿಕ್ಕಿಕೊಂಡಿತ್ತು, ಅಷ್ಟೇ.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿದ್ದಾಗ ಮುಚ್ಚಳ ಮುಟ್ಟಲೇಬೇಡಿ. ಕಾರಿನ ಮೂತಿಯನ್ನು ರ‍್ಯಾಂಪ್ ಮೇಲೆ ಎತ್ತರಿಸಿ. ಇಗ್ನಿಷನ್ ಆನ್, ಇಂಜಿನ್ ಆಫ್. ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ತೀರಾ ಕಡಿಮೆಗೆ. ಈ ಕಾರಿನಲ್ಲಿ ಹೀಗಿಟ್ಟರೇ ಹೀಟರ್‌ಗೆ ಕೂಲೆಂಟ್ ಬಿಡುವ ವಾಲ್ವ್ ತೆರೆಯುವುದು. ಮೊದಲ ಸಲ ನಾನು ಮಾಡದೆ ಬಿಟ್ಟದ್ದು ಇದನ್ನೇ. ಟ್ಯಾಂಕಿನ ಮುಚ್ಚಳ ತೆಗೆದು, ಅದರ ಪಕ್ಕದ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ, ಕೂಲೆಂಟ್ ನಿಧಾನವಾಗಿ ಸುರಿಯಿರಿ. ಸ್ಕ್ರೂ ಸುತ್ತ ಮೊದಲು ನೊರೆ, ಆಮೇಲೆ ದಪ್ಪ ಗುಳ್ಳೆ. ಗುಳ್ಳೆ ನಿಂತು ಒಂದೇ ಧಾರೆ ಬಂದಾಗ ಬಿಗಿಯಿರಿ. ಅದು ಪ್ಲಾಸ್ಟಿಕ್, ಜಾಸ್ತಿ ತಿರುವಿದರೆ ಮುರಿಯುತ್ತೆ. ಮರುದಿನ ತಣ್ಣಗಿದ್ದಾಗ ಮಟ್ಟ ನೋಡಿ ತುಂಬಿಸಿ.