ನರವಾಹಕ ಸುದ್ದಿ ಮುಟ್ಟಿಸಿದ ಮೇಲೆ ತೆರವಾಗುವುದು ಹೇಗೆ?

ಮಿದುಳಿನಲ್ಲಿ ಎರಡು ನರಕೋಶಗಳ ನಡುವಿನ ಸಿನಾಪ್ಸ್ ಸಂದು ಸುಮಾರು 20 ನ್ಯಾನೋಮೀಟರ್ ಅಗಲ. ಒಂದು ಕೋಶ ಅಲ್ಲಿಗೆ ಸುರಿದ ನರವಾಹಕದ (ಸುದ್ದಿ ಒಯ್ಯುವ ರಾಸಾಯನಿಕದ) ಅಣು ಎದುರಿನ ಕೋಶದ ಗ್ರಾಹಕಕ್ಕೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನಿಗೆ, ಅಂಟುತ್ತದೆ, ಬಿಡುತ್ತದೆ, ಸಿಕ್ಕರೆ ಮತ್ತೆ ಅಂಟುತ್ತದೆ. ಹಾಗಾಗಿ ತೆರವು ಎಂದರೆ ಅಣುವನ್ನು ಗ್ರಾಹಕದಿಂದ ಕೀಳುವುದಲ್ಲ, ಸುತ್ತಲಿನ ಸಾಂದ್ರತೆಯನ್ನು ಇಳಿಸುವುದು.

ಮೊದಲ ಹಂತ ವಿಸರಣೆ. ಅಣುಗಳು ತಾವಾಗಿಯೇ ಸಂದಿನಿಂದ ಆಚೆಗೆ ಹರಡುತ್ತವೆ. ಇದಕ್ಕೆ ಶಕ್ತಿಯ ಖರ್ಚಿಲ್ಲ. ಆದರೆ ಇದೊಂದೇ ಸಾಲದು. ಮುಂದಿನ ದಾರಿ ಯಾವ ನರವಾಹಕ ಎಂಬುದರ ಮೇಲೆ ನಿಂತಿದೆ.

ಅಸಿಟೈಲ್‌ಕೋಲಿನ್ ಆದರೆ ಸ್ಥಳದಲ್ಲೇ ತುಂಡಾಗುತ್ತದೆ. ಸಂದಿನಲ್ಲೇ ಬೀಡುಬಿಟ್ಟಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಒಂದೇ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಅಸಿಟೇಟ್ ಮತ್ತು ಕೋಲಿನ್ ಆಗಿ ಒಡೆಯುತ್ತದೆ. ಕೋಲಿನ್ ಅನ್ನು ನರತುದಿ ಸೋಡಿಯಂ ಜೊತೆ ಒಳಗೆಳೆದು ಮರುಬಳಸುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದರೆ ಕೆಡುವುದು ಈ ಕಿಣ್ವವೇ: ಜೊಲ್ಲು, ಬೆವರು, ಕುಗ್ಗಿದ ಕಣ್ಣಪಾಪೆ, ಸ್ನಾಯು ಅದುರಿಕೆ, ಕೊನೆಗೆ ಉಸಿರಾಟವೇ ಸೋಲಬಹುದು. ಚಿಕಿತ್ಸೆಗೆ ಕೊಡುವ ಅಟ್ರೋಪಿನ್ ಕೆಲವು ಗ್ರಾಹಕಗಳನ್ನು ಮುಚ್ಚುತ್ತದೆಯೇ ಹೊರತು ಕಿಣ್ವವನ್ನು ವಿಷದಿಂದ ಬಿಡಿಸುವುದಿಲ್ಲ. ಬಿಡಿಸಬಲ್ಲದ್ದು ಪ್ರಾಲಿಡಾಕ್ಸಿಮ್, ಆದರೆ ವಿಷದ ಬಂಧ ಗಟ್ಟಿಯಾದ ಮೇಲೆ ಅದೂ ನಿಷ್ಫಲ.

ಗ್ಲುಟಮೇಟ್‌ಗೆ ಸಂದಿನಲ್ಲಿ ಇಂಥ ಕಿಣ್ವವಿಲ್ಲ. ಪಕ್ಕದ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳೇ ಬಹುಮಟ್ಟಿಗೆ ಅದನ್ನು ತಮ್ಮ ಪೊರೆಯ ವಾಹಕದಿಂದ (ಒಳಗೆ ಸಾಗಿಸುವ ಪ್ರೋಟೀನಿನಿಂದ) ಹೀರಬೇಕು. ಒಂದು ಗ್ಲುಟಮೇಟ್ ಒಳಹೋಗುವಾಗ ಮೂರು ಸೋಡಿಯಂ ಅಯಾನು, ಒಂದು ಪ್ರೋಟಾನ್ ಜೊತೆಗೂಡುತ್ತವೆ. ಒಂದು ಪೊಟ್ಯಾಸಿಯಂ ಹೊರಬರುತ್ತದೆ. ಒಳಗೆ ಗ್ಲುಟಮೇಟ್ ಗ್ಲುಟಮಿನ್ ಆಗಿ ನರಕೋಶಕ್ಕೆ ಹಿಂದಿರುಗುತ್ತದೆ. ಗ್ಲುಟಮಿನ್ ಗ್ರಾಹಕಗಳನ್ನು ಕೆರಳಿಸದು, ಆದ್ದರಿಂದ ಸಾಗಣೆಗೆ ಅಪಾಯವಿಲ್ಲ, ಜಾಣ ಏರ್ಪಾಡು. ಈ ವಾಹಕದ ನಿಜವಾದ ಇಂಧನ ಸೋಡಿಯಂನ ಒಳ-ಹೊರಗಿನ ಅಂತರ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತರೆ ಕೋಶದ ಶಕ್ತಿಯ ಅಣುವಾದ ಎಟಿಪಿ ಕುಸಿದು ಆ ಅಂತರವೇ ಕರಗುತ್ತದೆ. ಆಗ ವಾಹಕ ತಿರುವುಮುರುವಾಗಿ ಗ್ಲುಟಮೇಟನ್ನು ಹೊರಗೆ ಕಕ್ಕಬಹುದು. ಕೋಶಗಳು ಅತಿ ಪ್ರಚೋದನೆಯಿಂದಲೇ ಸಾಯುತ್ತವೆ.

ಡೋಪಮೈನ್, ಸೆರೊಟೋನಿನ್, ನಾರ್‌ಅಡ್ರಿನಾಲಿನ್‌ಗಳನ್ನು ಬಹುಮಟ್ಟಿಗೆ ಬಿಟ್ಟ ಕೋಶವೇ ಮರಳಿ ಎಳೆದುಕೊಳ್ಳುತ್ತದೆ. ನಾರ್‌ಅಡ್ರಿನಾಲಿನ್‌ನ ಈ ಮರುಗ್ರಹಣವನ್ನು ತೋರಿಸಿದ ಜೂಲಿಯಸ್ ಆಕ್ಸೆಲ್ರಾಡ್ 1970ರಲ್ಲಿ ನೊಬೆಲ್ ಹಂಚಿಕೊಂಡರು. ಒಳಬಂದದ್ದು ಕೋಶಿಕೆಯಲ್ಲಿ (ನರವಾಹಕ ತುಂಬಿಡುವ ಪುಟ್ಟ ಚೀಲದಲ್ಲಿ) ಮತ್ತೆ ತುಂಬುತ್ತದೆ, ಇಲ್ಲವೇ ಮೈಟೊಕಾಂಡ್ರಿಯಾ ಮೇಲಿನ ಮೊನೊಅಮೈನ್ ಆಕ್ಸಿಡೇಸ್ ಅದನ್ನು ಒಡೆಯುತ್ತದೆ. ಕೊಕೇನ್ ಡೋಪಮೈನ್ ವಾಹಕಕ್ಕೆ ಅಡ್ಡಗಟ್ಟುತ್ತದೆ. ಖಿನ್ನತೆಯ ಔಷಧಿ ಫ್ಲುಒಕ್ಸೆಟಿನ್ ಸೆರೊಟೋನಿನ್ ವಾಹಕಕ್ಕೆ. ಫ್ಲುಒಕ್ಸೆಟಿನ್‌ನ ಅಡ್ಡಗಟ್ಟು ಬೇಗನೆ ಶುರುವಾದರೂ ಖಿನ್ನತೆ ಇಳಿಯಲು ವಾರಗಳೇ ಬೇಕು. ಅಂದರೆ ಬರೀ ಸಾಂದ್ರತೆ ಏರಿದ್ದೇ ಗುಣದ ಕಾರಣ ಎನ್ನುವಂತಿಲ್ಲ.

ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳಾದ ನ್ಯೂರೋಪೆಪ್ಟೈಡ್‌ಗಳಿಗೆ ಇಂಥ ಮರುಗ್ರಹಣವಿಲ್ಲ. ವಿಸರಣೆಯಾಗಿ, ಹೊರಗಿನ ಪೆಪ್ಟಿಡೇಸ್ ಕಿಣ್ವಗಳಿಗೆ ಸಿಕ್ಕಿ ನಿಧಾನವಾಗಿ ಕರಗುತ್ತವೆ. ಅವುಗಳ ಪರಿಣಾಮ ಹೆಚ್ಚು ಹೊತ್ತು ಉಳಿಯಲು ಇದೂ ಒಂದು ಕಾರಣ. ಖಾಲಿಯಾದದ್ದನ್ನು ನರತುದಿಯಲ್ಲಿ ತುಂಬಿಕೊಳ್ಳಲಾಗದು. ಹೊಸ ಸರಕು ಕೋಶಕಾಯದಲ್ಲಿ ತಯಾರಾಗಿ ಆಕ್ಸಾನ್ ಎಂಬ ಕೋಶದ ನೀಳ ಎಳೆಯ ಉದ್ದಕ್ಕೂ ಸಾಗಿ ಬರಬೇಕು.