ಗ್ರಾಹಕರಿಗೆ ಇಡೀ ಸೈಟಿನ ಕೀಲಿ ಬೇಡ, ಒಂದು ಫೋಲ್ಡರ್ ಸಾಕು

ಹುಬ್ಬಳ್ಳಿ-ಧಾರವಾಡದಲ್ಲಿ ಹೋಸ್ಟಿಂಗ್ ನಡೆಸುವ ಗೆಳೆಯರೇ, ಸೈಟಿನ ಪ್ರತಿ ಹೊಸ ಆವೃತ್ತಿಯನ್ನೂ ತಾರೀಖಿನ ಹೆಸರಿನ ಬೇರೆ ಫೋಲ್ಡರಿನಲ್ಲಿ ಇಳಿಸಿ, ಬೇರೆ ಫೋಲ್ಡರಿಗೆ ದಾರಿ ತೋರುವ ಕೊಂಡಿಯಾದ ‘ಕರೆಂಟ್’ ಎಂಬ ಸಿಮ್‌ಲಿಂಕನ್ನು ಮಾತ್ರ ಅದರತ್ತ ತಿರುಗಿಸಿ. ಗ್ರಾಹಕರು ಏರಿಸುವ ಕಡತಗಳ ಫೋಲ್ಡರನ್ನು ಈ ಆವೃತ್ತಿಗಳ ಹೊರಗಿಟ್ಟು, ಅದಕ್ಕಷ್ಟೇ ಕಡತಗಳನ್ನು ಸುರಕ್ಷಿತವಾಗಿ ಸಾಗಿಸುವ ಎಸ್‌ಎಫ್‌ಟಿಪಿ ಪ್ರವೇಶ ಕೊಡಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಬೇಕಿರುವುದು ದರಪಟ್ಟಿ ಏರಿಸುವ ಜಾಗ; ಕೋಡಿನ ಬಾಗಿಲನ್ನು ಅವರಿಗೆ ತೆರೆದಿಟ್ಟರೆ ಕೈತಪ್ಪಿ ಅಳಿಸಿದ ಹೊರೆ ಅವರ ಮೇಲೆಯೇ ಬೀಳುತ್ತದೆ, ಅದು ನ್ಯಾಯವಲ್ಲ. ಆವೃತ್ತಿ ಬದಲಿಸುವಾಗ ಹೊಸ ಲಿಂಕನ್ನು ತಾತ್ಕಾಲಿಕ ಹೆಸರಿನಲ್ಲಿ ಮಾಡಿ, ಹೆಸರು ಬದಲಿಸುವ ‘ಎಂವಿ’ (mv) ಆಜ್ಞೆಗೆ ದೊಡ್ಡಕ್ಷರದ ‘ಟಿ’ (-T) ಆಯ್ಕೆ ಸೇರಿಸಿ ಹಳೆಯದರ ಮೇಲೆ ಕೂರಿಸಿ. ಲಿನಕ್ಸ್‌ನಲ್ಲಿ ಈ ಹೆಸರು ಬದಲಾವಣೆ ಒಂದೇ ಏಟಿಗೆ ಮುಗಿಯುವುದರಿಂದ ನೋಡುಗರಿಗೆ ಅರ್ಧಂಬರ್ಧ ಸೈಟು ಕಾಣುವುದಿಲ್ಲ. ತಪ್ಪಾದರೆ ಲಿಂಕನ್ನು ಹಿಂದಿನ ಫೋಲ್ಡರಿಗೆ ತಿರುಗಿಸಿದರೆ ಆಯಿತು. ಆದರೆ ಡೇಟಾಬೇಸಿನ ಕೋಷ್ಟಕಗಳೇ ಬದಲಾಗಿದ್ದರೆ ಲಿಂಕ್ ತಿರುಗಿಸಿ ಪ್ರಯೋಜನವಿಲ್ಲ, ಮೊದಲೇ ಬ್ಯಾಕಪ್ ತೆಗೆದಿರಬೇಕು. ಪಿಎಚ್‌ಪಿ ಸೈಟುಗಳಲ್ಲಿ ಕೋಡನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ಆಪ್‌ಕ್ಯಾಶ್ ಹಳೆಯ ಕೋಡನ್ನೇ ಹಿಡಿದುಕೊಂಡಿರಬಹುದು, ಪಿಎಚ್‌ಪಿಯನ್ನು ನಡೆಸುವ ಎಫ್‌ಪಿಎಂ ರಿಲೋಡ್ ಮಾಡಿ. ಇನ್ನೊಂದು ತೊಡಕು ಬಹಳ ಜನರನ್ನು ಕಾಡುತ್ತದೆ: ಈ ಎಸ್‌ಎಫ್‌ಟಿಪಿ ಸಂಪರ್ಕ ಒದಗಿಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಗ್ರಾಹಕರನ್ನು ಒಂದು ಫೋಲ್ಡರಿಗೆ ಸೀಮಿತಗೊಳಿಸುವಾಗ, ಆ ಫೋಲ್ಡರಿನ ಹಾಗೂ ಅದರ ಮೇಲಿನ ಎಲ್ಲ ಫೋಲ್ಡರುಗಳ ಒಡೆತನ ಸರ್ವರಿನ ಮುಖ್ಯ ಖಾತೆಯಾದ ರೂಟ್‌ನದೇ ಆಗಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಅನುಮತಿ ಇರಬಾರದು, ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಕಡಿದುಹೋಗುತ್ತದೆ. ಬರೆಯುವ ಅನುಮತಿಯನ್ನು ಅದರೊಳಗಿನ ಉಪಫೋಲ್ಡರಿಗೆ ಕೊಡಿ.