ಕ್ಲಾಸಿಗಿಂತ ಮೊದಲು ಕಿವಿ: ಮಗುವಿಗೆ ಸಂಗೀತದ ರುಚಿ ಹತ್ತಿಸೋದು ಹೇಗೆ?

ಮಗು ಯಾವುದೋ ಜಾಹೀರಾತಿನ ಹಾಡು ಗುನುಗಿದ ಕೂಡಲೇ ಅಪ್ಪ–ಅಮ್ಮ ಸಂಗೀತದ ಕ್ಲಾಸು ಹುಡುಕಲು ಶುರು ಮಾಡುತ್ತಾರೆ. ಆಮೇಲೆ ದಿನಾ ಅಭ್ಯಾಸ, ಅದರ ಹಿಂದೆಯೇ ಜೂನಿಯರ್ ಪರೀಕ್ಷೆಯ ಮಾತು. ನಾಲ್ಕೈದು ವರ್ಷದ ಮಗುವಿಗೆ ಇಷ್ಟು ಅವಸರ ಬೇಡ. ಈಗ ಬೇಕಾದದ್ದು ಕಿವಿ ಪಳಗುವುದು. ಅದು ಮನೆಯಲ್ಲೇ ಆಗುತ್ತೆ. ನಿಮಗೆ ಸಂಗೀತ ಬರಲೇಬೇಕು ಅಂತೇನೂ ಇಲ್ಲ.

ಮೊದಲು ನೀವು ಹಾಡಿ

ದನಿ ಚೆನ್ನಾಗಿಲ್ಲ ಅನ್ನೋ ನೆಪ ಬೇಡ. ಎಣ್ಣೆಸ್ನಾನಕ್ಕೆ ಒಂದು ಹಾಡು, ಮಲಗಿಸಲು ಒಂದು ಜೋಗುಳ ಅಂತ ಇಟ್ಟುಕೊಳ್ಳಿ. ದಿನಾ ಅದೇ ಹಾಡು ಇರಲಿ, ನಿಮಗೆ ಬೇಜಾರಾದರೂ ಮಕ್ಕಳಿಗೆ ಆಗಲ್ಲ. ವಾರ ಕಳೆದ ಮೇಲೆ ಸಾಲಿನ ಮಧ್ಯೆ ಸುಮ್ನೆ ನಿಲ್ಲಿಸಿ, ಉಳಿದದ್ದನ್ನು ಮಗುವೇ ಹಾಡಲಿ. ಮೊಬೈಲಿನ ತಂಬೂರಿ ಆ್ಯಪ್ ಹಿಂದೆ ಮೆಲ್ಲಗೆ ನುಡಿಯುತ್ತಿದ್ದರೆ ಒಳ್ಳೆಯದು. ಅಪ್ಪನ ಶ್ರುತಿ, ಅಂದ್ರೆ ಹಾಡಿಗೆ ಆಧಾರವಾಗಿ ಹಿಡಿಯುವ ‘ಸ’, ಮಗುವಿಗೆ ತೀರಾ ಕೆಳಗಾಗುತ್ತೆ. ಆ್ಯಪಿನ ಶ್ರುತಿಯನ್ನು ಐದು, ಐದೂವರೆ ಮನೆಯಲ್ಲಿ (G, G#) ಇಟ್ಟು ನೋಡಿ.

ಅಡುಗೆಮನೆಯ ತಾಳ

ತಿಂಡಿಯ ಹೆಸರಲ್ಲೇ ತಾಳ ಕಲಿಸಬಹುದು. ‘ದೋಸೆ’ ಮೂರು ಮಾತ್ರೆ (ಎಣಿಕೆ), ಅಂದ್ರೆ ಮೃದಂಗದ ಸೊಲ್ಲಿನಲ್ಲಿ ತಕಿಟ. ‘ಹಪ್ಪಳ’ ನಾಲ್ಕು, ತಕಧಿಮಿ. ‘ಉಪ್ಪಿಟ್ಟು’ ಐದು, ತಕತಕಿಟ. ಒಂದೊಂದನ್ನೂ ಹೇಳುತ್ತಾ ಡಬ್ಬದ ಮೇಲೆ ತಟ್ಟಿ. ‘ದೋ’ ಅನ್ನು ಎರಡು ಎಣಿಕೆ ಎಳೆಯಬೇಕು, ‘ಸೆ’ ಒಂದೇ ಎಣಿಕೆ. ‘ದೋಸೆ–ಹಪ್ಪಳ’ ಅಂತ ಸೇರಿಸಿ ತಟ್ಟುತ್ತಾ ಹೋದರೆ ಏಳು ಬಂತು, ಮಿಶ್ರ ನಡೆ! ದೋಸೆಗೆ ಹಪ್ಪಳ ಯಾರೂ ನೆಂಚಿಕೊಳ್ಳಲ್ಲ, ನಿಜ. ಮಗು ಅದಕ್ಕೇ ನಗುತ್ತೆ, ನಗುತ್ತಲೇ ಕಲಿಯುತ್ತೆ. ಏಳಕ್ಕೆ ಮಿಶ್ರ, ಐದಕ್ಕೆ ಖಂಡ ಅನ್ನೋ ಹೆಸರು ಈಗಲೇ ಹೇಳಬೇಕಿಲ್ಲ.

ಲೋಟದ ಜಲತರಂಗ

ಒಂದೇ ಅಳತೆಯ ಮೂರು ಗಾಜಿನ ಲೋಟ ತನ್ನಿ. ಏಳು ಬೇಡ, ಏಳನ್ನೂ ಶ್ರುತಿ ಮಾಡುವಷ್ಟರಲ್ಲಿ ಮಗು ಎದ್ದು ಓಡಿರುತ್ತೆ. ಒಂದಕ್ಕೆ ಜಾಸ್ತಿ ನೀರು, ಇನ್ನೊಂದಕ್ಕೆ ಕಡಿಮೆ, ಮತ್ತೊಂದಕ್ಕೆ ಇನ್ನೂ ಕಡಿಮೆ. ಮರದ ಚಮಚದಿಂದ ಅಂಚಿಗೆ ಮೆಲ್ಲಗೆ ಬಡಿಯಿರಿ. ನೀರು ಹೆಚ್ಚಿದ್ದ ಕಡೆ ಸ್ವರ ಕೆಳಗೆ, ಕಡಿಮೆ ಇದ್ದ ಕಡೆ ಮೇಲೆ. ಚಮಚ ಚಮಚವಾಗಿ ನೀರು ಹಾಕುತ್ತಾ, ತೆಗೆಯುತ್ತಾ ಸ–ರಿ–ಗ ಹೊಂದಿಸುವ ಕೆಲಸ ಮಗುವಿಗೇ ಬಿಡಿ. ಸ್ವರ ಸ್ವಲ್ಪ ತಪ್ಪಿದ್ದನ್ನು ಹಿಡಿಯಲು ಕಿವಿ ಕಲಿಯೋದು ಇಲ್ಲೇ.

ಆಮೇಲೆ ಒಂದು ಬಾಟಲಿಗೆ ನೀರು ಹಾಕಿ ಬಾಯಿಯ ಅಂಚಿನ ಮೇಲೆ ಊದಿಸಿ. ಇಲ್ಲಿ ಲೆಕ್ಕ ಉಲ್ಟಾ, ನೀರು ಹೆಚ್ಚಾದಷ್ಟೂ ಸ್ವರ ಮೇಲೆ! ಬಾಟಲಿಯಲ್ಲಿ ನುಡಿಯೋದು ಒಳಗಿನ ಗಾಳಿ. ನೀರು ಏರಿದರೆ ಗಾಳಿಗೆ ಜಾಗ ಕಮ್ಮಿ. ಲೋಟದಲ್ಲಿ ಅದುರೋದು ಗಾಜು, ನೀರು ಅದಕ್ಕೆ ಭಾರ.

ಕಛೇರಿಗೆ ಅರ್ಧ ಗಂಟೆ

ಬೆಂಗಳೂರಿನವರಿಗೆ ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿವೆ, ಮೈಸೂರಿನವರಿಗೆ ದಸರಾ. ಕರಾವಳಿಯಲ್ಲಾದರೆ ಯಕ್ಷಗಾನದ ಚೆಂಡೆಗಿಂತ ಬೇರೆ ಬೇಕಾ? ವಾದ್ಯದವರ ಕೈ ಕಾಣುವ ಕಡೆ ಕೂರಿ. ಮೃದಂಗ, ಘಟದಂಥ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದರೆ ದೊಡ್ಡವರು ಕಾಫಿಗೆ ಏಳುತ್ತಾರೆ, ಮಕ್ಕಳು ಮೈಯೆಲ್ಲ ಕಣ್ಣಾಗಿ ನೋಡೋದು ಆಗಲೇ. ಮಗು ಆಕಳಿಸಿತೋ, ಎದ್ದು ಮನೆಗೆ ಬನ್ನಿ.

ಒಂದು ಮಾತ್ರ ಬೇಡವೇ ಬೇಡ. ನೆಂಟರು ಬಂದಾಗ ‘ಪುಟ್ಟಿ, ಅಂಕಲ್‌ಗೆ ಒಂದು ಹಾಡು ಹೇಳಮ್ಮ’ ಅನ್ನೋದು. ಹಾಡು ಅಂದ್ರೆ ಪರೀಕ್ಷೆ ಅನ್ನೋ ಭಯ ಹುಟ್ಟೋದು ಎಷ್ಟೋ ಮಕ್ಕಳಿಗೆ ಇಲ್ಲಿಂದಲೇ. ತಾನಾಗಿ ಹಾಡಿದರೆ ಕೇಳಿ, ಇಲ್ಲದಿದ್ದರೆ ನೆಂಟರಿಗೆ ಕಾಫಿ ಕೊಡಿ, ಸಾಕು.

ಹಾಗಾದ್ರೆ ಕ್ಲಾಸು ಯಾವಾಗ?

ಮಗುವೇ ಕೇಳಿದಾಗ. ಅಥವಾ ಕೇಳಿದ ಹಾಡನ್ನು ಲೋಟದಲ್ಲೋ ಕೀಬೋರ್ಡಿನಲ್ಲೋ ತಾನೇ ಹುಡುಕಿ ನುಡಿಸಲು ಹೊರಟಾಗ. ಕರ್ನಾಟಕ ಸಂಗೀತದ ಪಾಠ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದ್ರೆ ಸ–ರಿ–ಗ–ಮ ಹತ್ತಿ ಇಳಿಯುವ ಮೊದಲ ಅಭ್ಯಾಸದಿಂದ ಶುರುವಾಗುತ್ತೆ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಕಿವಿ ಪಳಗಿದ ಮಗುವಿಗೆ ಅದೇ ವರಸೆಯನ್ನು ಮತ್ತೆ ಮತ್ತೆ ಹಾಡೋದು ಅಷ್ಟು ಕಷ್ಟ ಅನಿಸಲ್ಲ. ಗುರುಗಳನ್ನು ಗೊತ್ತು ಮಾಡುವ ಮೊದಲು ಒಂದು ದಿನ ಪಾಠದಲ್ಲಿ ಮಗುವಿನ ಜೊತೆ ಕೂತು ಬನ್ನಿ. ಪರೀಕ್ಷೆ ಸದ್ಯಕ್ಕೆ ಬೇಡ ಅಂತ ಮೊದಲೇ ಹೇಳಿಬಿಡಿ. ವೀಣೆ, ಪಿಟೀಲಿಗೆ ಈಗಲೇ ದುಡ್ಡು ಸುರಿಯಬೇಡಿ, ಮೊದಲ ಕೆಲವು ತಿಂಗಳು ಬಾಡಿಗೆಗೋ ಎರವಲಾಗೋ ಸಿಕ್ಕಿದ್ದರಲ್ಲೇ ನಡೆಯುತ್ತೆ.